ಕುವೈತ್ ಅಷ್ಟು ಶ್ರೀಮಂತ, ತಮ್ಮನಿಗೆ ಮಾತ್ರ 120 ದಿನಾರ್ ಯಾಕೆ?

ಪ್ರಶ್ನೆ: ನನ್ನ ತಮ್ಮನಿಗೆ 24 ವರ್ಷ. ಐಟಿಐ ಮುಗಿಸಿ ಎಲೆಕ್ಟ್ರಿಷಿಯನ್ ಕೆಲಸ ಮಾಡುತ್ತಿದ್ದಾನೆ. ಕುವೈತಿನಲ್ಲಿ ಕೆಲಸ ಇದೆ, 120 ದಿನಾರ್ ಸಂಬಳ, ರೂಮ್ ಫ್ರೀ ಅಂತ ಏಜೆಂಟ್ ಹೇಳುತ್ತಿದ್ದಾರೆ. ವೀಸಾಕ್ಕೆ ಎರಡು ಲಕ್ಷ ಕೇಳುತ್ತಿದ್ದಾರೆ. ಅಷ್ಟು ದುಡ್ಡಿರುವ ದೇಶದಲ್ಲಿ ಸಂಬಳ ಯಾಕೆ ಇಷ್ಟು ಕಡಿಮೆ? ಅಲ್ಲಿಯವರು ಕೆಲಸವನ್ನೇ ಮಾಡುವುದಿಲ್ಲವಂತೆ, ನಿಜವಾ? ಎಣ್ಣೆ ಮುಗಿದ ಮೇಲೆ ಅವರ ಗತಿ ಏನು?
(ಕುಂದಾಪುರ ತಾಲೂಕಿನ ಓದುಗರು)

ಉತ್ತರ: ಮೊದಲಿಗೆ, ಆ ಎರಡು ಲಕ್ಷ ಕೊಡಬೇಡಿ. ಸರ್ಕಾರದಲ್ಲಿ ನೋಂದಣಿ ಆಗಿರುವ ಏಜೆಂಟ್ ತನ್ನ ಸೇವೆಗೆ ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಮಿಕ್ಕಿದ್ದಕ್ಕೆ ರಸೀದಿ ಕೇಳಿ ನೋಡಿ, ಕೊಡುವುದಿಲ್ಲ. ಆದರೆ ಆ ಎರಡು ಲಕ್ಷ ಎಲ್ಲಿಂದ ಹುಟ್ಟುತ್ತದೆ ಅನ್ನೋದು ಅರ್ಥವಾದರೆ ನಿಮ್ಮ ಉಳಿದ ಪ್ರಶ್ನೆಗಳಿಗೂ ದಾರಿ ಸಿಗುತ್ತದೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ನಾನು ಕುವೈತಿನಲ್ಲಿ ಹದಿನೇಳು ವರ್ಷ ಅಕೌಂಟ್ಸ್ ಕೆಲಸ ಮಾಡಿದವನು. ತಿಂಗಳ ಕೊನೆಯಲ್ಲಿ ಸಂಬಳದ ಹಾಳೆ ತಯಾರು ಮಾಡುವುದೇ ನನ್ನ ಕೆಲಸ. ಆ ಹಾಳೆಯಲ್ಲಿ 80 ದಿನಾರಿನವರೂ ಇದ್ದರು, ಸಾವಿರ ದಾಟಿದವರೂ ಇದ್ದರು. ಯಾರು ಎಷ್ಟು ದುಡಿಯುತ್ತಾರೆ ಅನ್ನುವುದಕ್ಕಿಂತ ಯಾರ ಪಾಸ್‌ಪೋರ್ಟ್ ಯಾವ ಬಣ್ಣದ್ದು ಅನ್ನೋದು ಆ ಹಾಳೆಯಲ್ಲಿ ಬೇಗ ಗೊತ್ತಾಗುತ್ತಿತ್ತು.

ನಮ್ಮ ಕಡೆಯ ಕೂಡುಕುಟುಂಬದ ಅಡಿಕೆ ತೋಟ ನೆನಪು ಮಾಡಿಕೊಳ್ಳಿ. ಅಡಿಕೆಗೆ ಒಳ್ಳೆ ರೇಟ್ ಬಂದ ವರ್ಷ ಮನೆಯವರಿಗೆಲ್ಲ ಪಾಲು ಜಾಸ್ತಿ. ತೋಟಕ್ಕೆ ಕಾಲಿಡದ ಅಣ್ಣನಿಗೂ ಪಾಲು ಇದೆ, ಯಾಕೆಂದರೆ ಅವನು ಆ ಮನೆಯಲ್ಲಿ ಹುಟ್ಟಿದ್ದಾನೆ. ಕೊನೆ ಕೊಯ್ಯುವವನಿಗೆ ಮಾತ್ರ ಊರಿನ ಕೂಲಿ. ಅಡಿಕೆ ರೇಟ್ ದುಪ್ಪಟ್ಟಾದರೂ ಅವನ ಕೂಲಿ ದುಪ್ಪಟ್ಟಾಗುವುದಿಲ್ಲ. ಕುವೈತ್ ಅಂದರೆ ಅಂಥ ಒಂದು ತೋಟ. ಅಲ್ಲಿಯ ನಾಗರಿಕರಿಗೆ ಸಿಗುವುದು ಪಾಲು, ಅದಕ್ಕೆ ಸಂಬಳ ಅಂತ ಹೆಸರಿಟ್ಟಿದ್ದಾರೆ ಅಷ್ಟೇ. ನಿಮ್ಮ ತಮ್ಮನಿಗೆ ಸಿಗುವುದು ಕೂಲಿ.

ಕೂಲಿ ಎಲ್ಲಿ ನಿಗದಿ ಆಗುತ್ತದೆ? ಕುವೈತಿನಲ್ಲಿ ಅಂತ ಎಲ್ಲರೂ ತಿಳಿದಿರುತ್ತಾರೆ. ನಿಜವಾಗಿ ಆಗುವುದು ಕುಂದಾಪುರದಲ್ಲಿ. 2025ರಲ್ಲಿ ಒಂದು ದಿನಾರಿಗೆ 280 ರೂಪಾಯಿ ಆಸುಪಾಸು ಇತ್ತು. 120 ದಿನಾರ್ ಅಂದರೆ 33,600 ರೂಪಾಯಿ. ಊರಿನಲ್ಲಿ ಐಟಿಐ ಹುಡುಗನಿಗೆ ಸಿಗುವುದಕ್ಕಿಂತ ಸ್ವಲ್ಪ ಜಾಸ್ತಿ, ಅವನು ವಿಮಾನ ಹತ್ತಲು ಬೇಕಾದಷ್ಟು ಮಾತ್ರ ಜಾಸ್ತಿ. ಅವನು ಒಲ್ಲೆ ಅಂದರೆ ಬಿಹಾರದವರು, ನೇಪಾಳದವರು, ಬಾಂಗ್ಲಾದೇಶದವರು ಇನ್ನೂ ಕಡಿಮೆಗೆ ತಯಾರಿದ್ದಾರೆ. ಖಾಸಗಿ ಕಂಪನಿಗಳಲ್ಲಿ ಕಾನೂನು ಹೇಳುವ ಕನಿಷ್ಠ ಸಂಬಳ 75 ದಿನಾರ್. ಕುವೈತಿನ ನಾಗರಿಕರಲ್ಲಿ ಯಾರೂ ಆ ಸಂಬಳಕ್ಕೆ ಕೆಲಸ ಮಾಡುವುದಿಲ್ಲ, ಹಾಗಾಗಿ ಅದನ್ನು ಏರಿಸಿ ಅಂತ ಅಲ್ಲಿ ಕೂಗುವವರೂ ಇಲ್ಲ.

ಈ ಪಾಲಿನ ಲೆಕ್ಕ ಶುರುವಾಗಿದ್ದು ಹೇಗೆ ಅನ್ನೋದು ಸ್ವಾರಸ್ಯದ ಕಥೆ. ಎಣ್ಣೆಗೆ ಮೊದಲು ಕುವೈತ್ ಹಡಗಿನವರ ಮತ್ತು ಮುತ್ತಿನವರ ಊರು. ಅಲ್ಲಿಯ ದೊಡ್ಡ ಹಾಯಿಹಡಗುಗಳು ಬಸ್ರಾದ ಖರ್ಜೂರ ತುಂಬಿಕೊಂಡು ನಮ್ಮ ಕರಾವಳಿಗೂ ಬರುತ್ತಿದ್ದವು, ಮರ ತುಂಬಿಕೊಂಡು ವಾಪಸ್ ಹೋಗುತ್ತಿದ್ದವು. ಅಲ್ಲಿ ಮರ ಬೆಳೆಯುವುದಿಲ್ಲ ನೋಡಿ, ಹಡಗು ಕಟ್ಟಲಿಕ್ಕೂ ನಮ್ಮ ಕಡೆಯ ತೇಗವೇ ಬೇಕಿತ್ತು. 1961ರವರೆಗೆ ಅಲ್ಲಿ ಚಲಾವಣೆಯಲ್ಲಿದ್ದದ್ದು ನಮ್ಮ ರೂಪಾಯಿ. ದಿನಾರ್ ಬಂದಾಗ 13 ರೂಪಾಯಿ ಚಿಲ್ಲರೆಗೆ ಒಂದು ದಿನಾರ್ ಅಂತ ಬದಲಾಯಿಸಿದರು. ಈ ಮಾತು ಹೇಳಿದರೆ ಈಗಿನ ಹುಡುಗರು ನಂಬುವುದಿಲ್ಲ. ಉಪ್ಪಿನಕಾಯಿಗೆ ಅವರು ಇವತ್ತಿಗೂ ಅಚಾರ್ ಅಂತಲೇ ಅನ್ನುತ್ತಾರೆ.

ಮುತ್ತಿನ ಕೆಲಸದ ಪದ್ಧತಿ ಮಾತ್ರ ಕಠಿಣ. ಹಡಗಿನ ಯಜಮಾನ ನಾಖುದಾ. ಬೇಸಗೆಯ ನಾಲ್ಕು ತಿಂಗಳು ಮುಳುಗುವವರಿಗೆ ಅವನು ಮುಂಗಡ ಕೊಡುತ್ತಿದ್ದ. ಸಿಕ್ಕ ಮುತ್ತಿನಲ್ಲಿ ಸಾಲ ತೀರದಿದ್ದರೆ ಮುಂದಿನ ವರ್ಷವೂ ಅದೇ ನಾಖುದಾನ ಹಡಗಿಗೇ ಬರಬೇಕು. ಬೇರೆಯವನ ಹತ್ತಿರ ಹೋಗುವ ಹಾಗಿಲ್ಲ. ಈ ಮಾತನ್ನು ಹಾಗೇ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1930ರ ದಶಕದಲ್ಲಿ ಜಪಾನಿನ ಸಾಕಿದ ಮುತ್ತು ಮಾರುಕಟ್ಟೆಗೆ ಬಂತು, ಜೊತೆಗೆ ಜಗತ್ತಿನ ಆರ್ಥಿಕ ಕುಸಿತ. ಕುವೈತ್ ಬಡವಾಯಿತು. 1938ರಲ್ಲಿ ಬುರ್ಗಾನ್ ಅನ್ನುವಲ್ಲಿ ಎಣ್ಣೆ ಸಿಕ್ಕಿತು, ಅದು ಪ್ರಪಂಚದ ಎರಡನೇ ಅತಿ ದೊಡ್ಡ ಎಣ್ಣೆ ನಿಕ್ಷೇಪ. ನಡುವೆ ಮಹಾಯುದ್ಧ ಬಂದು ಕೆಲಸ ನಿಂತಿತು. ಮೊದಲ ಹಡಗು ಎಣ್ಣೆ ಹೊರಟದ್ದು 1946ರಲ್ಲಿ. ಎಣ್ಣೆಯ ಗುಣ ಏನೆಂದರೆ ಅದನ್ನು ತೆಗೆಯಲು ಹೆಚ್ಚು ಜನ ಬೇಡ. ಬುರ್ಗಾನಿನಲ್ಲಂತೂ ತೆಗೆಯುವ ಖರ್ಚೂ ಬಹಳ ಕಡಿಮೆ. ಕೆಲವು ಸಾವಿರ ಜನ ದುಡಿದರೆ ಇಡೀ ದೇಶಕ್ಕೆ ಸಾಕಾಗುವಷ್ಟು ದುಡ್ಡು, ಅದೂ ನೇರವಾಗಿ ಸರ್ಕಾರದ ಖಜಾನೆಗೆ. ಅದನ್ನು ಜನರಿಗೆ ಹಂಚುವುದು ಹೇಗೆ?

1950ರ ದಶಕದಲ್ಲಿ ಅಮೀರ್ ಅಬ್ದುಲ್ಲಾ ಅಲ್ ಸಾಲೆಂ ಒಂದು ಉಪಾಯ ಮಾಡಿದರು. ಕೋಟೆಯೊಳಗಿನ ಹಳೆ ಮನೆಗಳನ್ನು ಸರ್ಕಾರ ಬೇಕಂತಲೇ ದುಬಾರಿ ಬೆಲೆಗೆ ಕೊಂಡಿತು. ಜನರಿಗೆ ಹೊರಗೆ ಹೊಸ ಬಡಾವಣೆಗಳಲ್ಲಿ ಜಾಗ ಕೊಟ್ಟಿತು. ಆಮೇಲೆ ಓದು ಉಚಿತ, ಆಸ್ಪತ್ರೆ ಉಚಿತ, ಆದಾಯ ತೆರಿಗೆ ಇಲ್ಲ, ಬೇಕೆಂದವರಿಗೆ ಸರ್ಕಾರಿ ಕೆಲಸ. ಮದುವೆಗೆ ಸಹಾಯಧನ. ಮನೆ ಕಟ್ಟಲು ಜಾಗ ಮತ್ತು 70,000 ದಿನಾರ್ ಬಡ್ಡಿಯಿಲ್ಲದ ಸಾಲ. ನಾಗರಿಕರ ಮನೆಗೆ ಕರೆಂಟ್ ಯೂನಿಟ್‌ಗೆ 2 ಫಿಲ್ಸ್, ಅಂದರೆ ದಿನಾರಿನ ಐನೂರನೇ ಒಂದು ಭಾಗ. ಈ ರೇಟ್ 1966ರಿಂದ ಬದಲಾಗಿಲ್ಲ. ರೇಷನ್ ಕೂಡ ಇದೆ, ಅಕ್ಕಿ, ಸಕ್ಕರೆ, ಹಾಲಿನ ಪುಡಿ, ಅಡುಗೆ ಎಣ್ಣೆ, ಕೋಳಿ. ಬಿಪಿಎಲ್ ಕಾರ್ಡು ಅನ್ನುವ ಮಾತೇ ಇಲ್ಲ, ಎಲ್ಲ ನಾಗರಿಕರಿಗೂ. 2011ರಲ್ಲಿ ಸ್ವಾತಂತ್ರ್ಯದ 50ನೇ ವರ್ಷಕ್ಕೆ ಅಮೀರ್ ಪ್ರತಿ ನಾಗರಿಕನಿಗೂ 1000 ದಿನಾರ್ ಕೊಟ್ಟರು, ತೊಟ್ಟಿಲ ಮಗುವಿಗೂ ಸೇರಿ. ನಮ್ಮ ಆಫೀಸಿನಲ್ಲಿ ಐದು ಮಕ್ಕಳಿದ್ದ ಕುವೈತಿಯೊಬ್ಬರು ಆ ವಾರ ಎಲ್ಲರಿಗೂ ಸಿಹಿ ಹಂಚಿದ್ದು ನೆನಪಿದೆ. ಟೀ ಕೊಡುವ ನೇಪಾಳಿ ಹುಡುಗ ಬೆರಳು ಮಡಚಿ ಏಳು ಸಾವಿರ ಅಂತ ಲೆಕ್ಕ ಹಾಕಿ ಸುಮ್ನೆ ನಕ್ಕಿದ್ದ.

ಪಾಲು ಇಷ್ಟು ದೊಡ್ಡದಾದರೆ ಪಾಲುದಾರರ ಪಟ್ಟಿ ಚಿಕ್ಕದಿರಬೇಕು, ಅಲ್ವಾ? ಕುವೈತಿನ ಸಮಾಜ ಅರ್ಥ ಆಗಬೇಕಾದರೆ ಇಲ್ಲಿ ಸ್ವಲ್ಪ ನಿಲ್ಲಬೇಕು. ದೇಶದಲ್ಲಿರುವ ಜನ ಸುಮಾರು 50 ಲಕ್ಷ. ಅವರಲ್ಲಿ ನಾಗರಿಕರು 15 ಲಕ್ಷದಷ್ಟು. ಭಾರತೀಯರೇ 10 ಲಕ್ಷದ ಹತ್ತಿರ ಇದ್ದಾರೆ. ಅಲ್ಲಿ 30 ವರ್ಷ ದುಡಿದರೂ ನಮ್ಮವರಿಗೆ ಪೌರತ್ವ ಸಿಗುವುದಿಲ್ಲ, ಅಲ್ಲೇ ಹುಟ್ಟಿದ ಮಕ್ಕಳಿಗೂ ಇಲ್ಲ. 1959ರ ಕಾನೂನಿನ ಪ್ರಕಾರ 1920ಕ್ಕೆ ಮೊದಲೇ ಅಲ್ಲಿ ನೆಲೆಸಿದ್ದವರ ವಂಶದವರು ಮೂಲ ಕುವೈತಿಗಳು. ಆಗ ಹೆಸರು ಬರೆಸದ ಮರುಭೂಮಿಯ ಕೆಲವು ಕುಟುಂಬಗಳು ಇವತ್ತಿಗೂ ಹೊರಗೇ ಇವೆ. ಅವರನ್ನು ಬಿದೂನ್ ಅನ್ನುತ್ತಾರೆ, 'ಇಲ್ಲದವರು' ಅಂತ. ಒಂದು ಲಕ್ಷದಷ್ಟಿರುವ ಇವರು ಅರಬ್ಬಿ ಮಾತಾಡುತ್ತಾರೆ, ಅಲ್ಲೇ ಹುಟ್ಟಿದವರು, ಆದರೂ ಯಾವ ದೇಶದವರೂ ಅಲ್ಲ. 2024ರಿಂದ ಪಟ್ಟಿ ಇನ್ನೂ ಬಿಗಿಯಾಗಿದೆ. ಹತ್ತಾರು ಸಾವಿರ ಜನರ ಪೌರತ್ವ ರದ್ದಾಗಿದೆ. ಕುವೈತಿ ಗಂಡನನ್ನು ಮದುವೆಯಾಗಿ ಪೌರತ್ವ ಪಡೆದಿದ್ದ ಹೆಂಗಸರೇ ಅವರಲ್ಲಿ ಬಹಳ. ಪಾಲಿನ ಮನೆಯಲ್ಲಿ ಹೊಸಬರು ಯಾರಿಗೂ ಇಷ್ಟವಿಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ. ಅವರು ಕೆಲಸ ಮಾಡುವುದಿಲ್ಲ ಅನ್ನೋದು ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ. ಕೆಲಸದಲ್ಲಿರುವ ನಾಗರಿಕರಲ್ಲಿ ಹತ್ತಕ್ಕೆ ಎಂಟು ಜನ ಸರ್ಕಾರದಲ್ಲಿ. ಕೆಲವು ಇಲಾಖೆಗಳಲ್ಲಿ ಒಂದು ಕುರ್ಚಿಯ ಕೆಲಸಕ್ಕೆ ಮೂರು ಜನ. ಬೆರಳಚ್ಚು ಒತ್ತಿ ಕಾಫಿಗೆ ಹೋದವರು ಮಧ್ಯಾಹ್ನ ಸಿಕ್ಕಿದ್ದು ನನಗೂ ಅನುಭವ ಇದೆ. ಒಂದು ಕಾಗದಕ್ಕೆ ನಾಲ್ಕು ದಿನ ಅಲೆದದ್ದೂ ಇದೆ, ಕೊನೆಗೆ ಒಬ್ಬರ ಪರಿಚಯದ ಒಂದು ಫೋನಿನಲ್ಲಿ ಐದು ನಿಮಿಷಕ್ಕೆ ಮುಗಿದದ್ದೂ ಇದೆ. ಈ ಪರಿಚಯದ ಬಲಕ್ಕೆ ಅಲ್ಲಿ 'ವಾಸ್ತಾ' ಅನ್ನುತ್ತಾರೆ. ನಮಗೇನೂ ಹೊಸದಲ್ಲ ಬಿಡಿ. ಆದರೆ ಅದೇ ದೇಶದಲ್ಲಿ ನಡುರಾತ್ರಿ ಆಪರೇಷನ್ ಮಾಡುವ ಕುವೈತಿ ಡಾಕ್ಟರುಗಳನ್ನೂ, ಎಣ್ಣೆ ಕಂಪನಿಯಲ್ಲಿ ಬಿಸಿಲಲ್ಲಿ ನಿಲ್ಲುವ ಕುವೈತಿ ಎಂಜಿನಿಯರುಗಳನ್ನೂ ನೋಡಿದ್ದೇನೆ. ವಿಶ್ವವಿದ್ಯಾಲಯದಲ್ಲಿ ಹುಡುಗರಿಗಿಂತ ಹುಡುಗಿಯರೇ ಜಾಸ್ತಿ. ಹೆಂಗಸರಿಗೆ ಮತದಾನದ ಹಕ್ಕು ಸಿಕ್ಕಿದ್ದು 2005ರಲ್ಲಿ, 2009ರ ಚುನಾವಣೆಯಲ್ಲಿ ನಾಲ್ವರು ಮಹಿಳೆಯರು ಗೆದ್ದೂ ಬಂದರು.

ಚುನಾವಣೆ ಅಂದಾಗ ಹೇಳಬೇಕು, ಕೊಲ್ಲಿಯಲ್ಲಿ ಬಾಯಿ ಬಿಟ್ಟು ಮಾತಾಡುವ ಜನ ಅಂದರೆ ಕುವೈತಿಗಳು. ದೊಡ್ಡ ಮನೆಗಳಲ್ಲಿ ದಿವಾನಿಯಾ ಅಂತ ಒಂದು ಹಜಾರ ಇರುತ್ತದೆ. ಸಂಜೆ ಗಂಡಸರು ಗೋಡೆಯುದ್ದಕ್ಕೂ ಕೂತು ಚಹಾ, ಕಹ್ವಾ ಕುಡಿಯುತ್ತಾ ಮಂತ್ರಿಗಳನ್ನೂ ಬೈಯುತ್ತಾರೆ, ಷೇರು ಮಾರುಕಟ್ಟೆಯನ್ನೂ ಬೈಯುತ್ತಾರೆ. ಹಳ್ಳಿಯ ಅರಳಿಕಟ್ಟೆಗೆ ಎಸಿ ಹಾಕಿದ ಹಾಗೆ. 1962ರಲ್ಲೇ ಸಂವಿಧಾನ ಬರೆದು, 1963ರಲ್ಲಿ ಚುನಾಯಿತ ಸಂಸತ್ತು ಮಾಡಿಕೊಂಡ ದೇಶ ಅದು. ಆ ಸಂಸತ್ತಿನಲ್ಲಿ ಹೆಚ್ಚು ಜಗಳ ನಡೆದದ್ದೂ ಪಾಲಿನ ಮೇಲೆಯೇ, ಸಾಲ ಮನ್ನಾ ಮಾಡಿ, ಸಂಬಳ ಏರಿಸಿ ಅಂತ. 2024ರ ಮೇ 10ರಂದು ಅಮೀರ್ ಶೇಖ್ ಮಿಶಾಲ್ ಸಂಸತ್ತು ವಿಸರ್ಜಿಸಿ, ಸಂವಿಧಾನದ ಕೆಲವು ಕಲಮುಗಳನ್ನು ನಾಲ್ಕು ವರ್ಷದವರೆಗೆ ಅಮಾನತಿನಲ್ಲಿಟ್ಟರು.

ಎರಡು ಲಕ್ಷದ ವಿಷಯಕ್ಕೆ ಬರೋಣ. ಹೊರದೇಶದ ಕೆಲಸಗಾರ ಅಲ್ಲಿ ಇರಬೇಕಾದರೆ ಅವನಿಗೊಬ್ಬ ಕಫೀಲ್ ಬೇಕು, ಅಂದರೆ ಜವಾಬ್ದಾರಿ ಹೊರುವ ಯಜಮಾನ ಅಥವಾ ಕಂಪನಿ. ಅಕಾಮ, ಅಂದರೆ ವಾಸದ ಪರವಾನಗಿ, ಅವನ ಹೆಸರಿನ ಮೇಲೆಯೇ ಇರುತ್ತದೆ. ಅವನು ಬಿಡದೆ ಬೇರೆ ಕಡೆ ಸೇರುವುದು ಕಷ್ಟ. ಬಿಟ್ಟು ಓಡಿಹೋದ ಅಂತ ಅವನು ದೂರು ಕೊಟ್ಟರೆ ಕೆಲಸಗಾರ ಕಾನೂನಿನ ಕಣ್ಣಲ್ಲಿ ಕಳ್ಳ. 2025ರ ಜುಲೈ 1ರಿಂದ ಖಾಸಗಿ ಕಂಪನಿಯವರು ರಜೆಗೆ ಊರಿಗೆ ಹೊರಡಲೂ ಮಾಲೀಕರ ಒಪ್ಪಿಗೆಯ ಪರವಾನಗಿ ಬೇಕು. ಆಗ ಹೇಳಿದ ನಾಖುದಾನ ಮಾತು ನೆನಪಾಯಿತಾ? ಹಡಗು ಹೋಯಿತು, ಮುಂಗಡ ಹೋಯಿತು, ಕಟ್ಟು ಉಳಿಯಿತು ಅಂತ ನನಗೆ ಅನ್ನಿಸುತ್ತದೆ.

ಕೆಲಸಗಾರರನ್ನು ತರಿಸುವ ಹಕ್ಕು ನಾಗರಿಕನ ಕೈಯಲ್ಲಿದ್ದ ಮೇಲೆ ಅದಕ್ಕೂ ಬೆಲೆ ಬರುತ್ತದೆ. ಹೆಸರಿಗೊಂದು ಕಂಪನಿ ತೆಗೆಯುತ್ತಾರೆ, ಐವತ್ತು ಜನಕ್ಕೆ ಪರವಾನಗಿ ತೆಗೆಯುತ್ತಾರೆ, ಅದನ್ನು ದಲ್ಲಾಳಿಗೆ ಮಾರುತ್ತಾರೆ. ಇದು ಅಲ್ಲಿ ಅಪರಾಧ. ಶಿಕ್ಷೆಯೂ ಆಗುತ್ತದೆ, ಆದರೂ ನಿಂತಿಲ್ಲ. ಆ ಪರವಾನಗಿ ಕೈಯಿಂದ ಕೈಗೆ ದಾಟಿ ಊರಿಗೆ ಬರುವಷ್ಟರಲ್ಲಿ ಎರಡು ಲಕ್ಷ ಆಗಿರುತ್ತದೆ. ಅದಕ್ಕೆ 'ಫ್ರೀ ವೀಸಾ' ಅಂತ ಬೇರೆ ಹೆಸರು! ನನ್ನ ಪರಿಚಯದ ಒಬ್ಬ ಹುಡುಗ ಅಮ್ಮನ ಬಂಗಾರ ಅಡವಿಟ್ಟು ಹಾಗೆ ಬಂದಿದ್ದ. ಕಂಪನಿ ಅಂತ ಹೇಳಿದ ವಿಳಾಸದಲ್ಲಿ ಇದ್ದದ್ದು ಒಂದು ಬೀಗ ಹಾಕಿದ ಶಟರು. ಸಾಲ ತೀರುವ ತನಕ ಎರಡು ವರ್ಷ ಸಿಕ್ಕಿದ ಕೆಲಸ ಮಾಡಿದ, ಪ್ರತಿ ವರ್ಷ ಅಕಾಮ ಹೊಸದು ಮಾಡಿಸಲು ಕಫೀಲನಿಗೆ ಮತ್ತೆ ದುಡ್ಡು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಅಲ್ಲಿ ವಾಸದ ಪರವಾನಗಿಗೆ ಕಲಮಿನ ನಂಬರ್ ಇರುತ್ತದೆ. 18 ಅಂದರೆ ಖಾಸಗಿ ಕಂಪನಿ. 20 ಅಂದರೆ ಮನೆಗೆಲಸ. ನಮ್ಮವರು ಅದನ್ನು ಖಾದಿಂ ವೀಸಾ ಅನ್ನುತ್ತಾರೆ. 20ರಲ್ಲಿ ಹೋದವನು ಎಲೆಕ್ಟ್ರಿಷಿಯನ್ ಕೆಲಸ ಮಾಡುತ್ತಾ ಸಿಕ್ಕಿಬಿದ್ದರೆ ಸೀದಾ ಗಡೀಪಾರು. ಕಂಪನಿ ಕೆಲಸಗಾರರ 2010ರ ಕಾನೂನು ಅವನಿಗೆ ಅನ್ವಯಿಸುವುದೂ ಇಲ್ಲ. ಮನೆಗೆಲಸದವರಿಗೆ 2015ರಲ್ಲಿ ಬೇರೆ ಕಾನೂನು ಮಾಡಿದರು, ಕೊಲ್ಲಿಯಲ್ಲಿ ಅದು ಮೊದಲನೆಯದು, ಒಳ್ಳೆಯದೇ. ಆದರೆ ಮನೆಯ ಬಾಗಿಲೊಳಗೆ ಇನ್‌ಸ್ಪೆಕ್ಟರ್ ಹೋಗುವುದು ಅಪರೂಪ.

'ರೂಮ್ ಫ್ರೀ' ಅನ್ನುವುದನ್ನೂ ವಿಚಾರಿಸಿ. 2024ರ ಜೂನ್ 12ರ ಬೆಳಗಿನ ಜಾವ ಮಂಗಾಫಿನಲ್ಲಿ ಕೆಲಸಗಾರರಿದ್ದ ಒಂದು ಕಟ್ಟಡಕ್ಕೆ ಬೆಂಕಿ ಬಿತ್ತು. ಸುಮಾರು 50 ಜನ ಸತ್ತರು, ಅವರಲ್ಲಿ 45 ಜನ ಭಾರತೀಯರು. ಒಂದು ರೂಮಿನಲ್ಲಿ ಎಷ್ಟು ಜನ, ಮೆಟ್ಟಿಲು ಎಷ್ಟು, ಟೆರೇಸಿನ ಬಾಗಿಲಿಗೆ ಬೀಗ ಇದೆಯಾ ಅಂತ ಅಲ್ಲಿ ಈಗ ಇರುವವರನ್ನೇ ಕೇಳಿ. ಕುವೈತಿನ ತುಂಬ ಕರಾವಳಿಯವರಿದ್ದಾರೆ, ಕನ್ನಡ ಕೂಟ, ತುಳು ಕೂಟ ಎಲ್ಲ ಇವೆ. ಒಬ್ಬರಲ್ಲ ಒಬ್ಬರು ಆ ಬಿಲ್ಡಿಂಗ್ ನೋಡಿ ಬಂದು ಹೇಳುತ್ತಾರೆ.

ಎಣ್ಣೆ ಮುಗಿಯುವ ಚಿಂತೆ ನಿಮಗೆ ಬೇಡ. ಅಲ್ಲಿ ನೆಲದಡಿ ಸುಮಾರು 10,000 ಕೋಟಿ ಬ್ಯಾರೆಲ್ ಇದೆ ಅಂತ ಲೆಕ್ಕ. ದಿನಕ್ಕೆ 25 ಲಕ್ಷ ಬ್ಯಾರೆಲ್‌ನಂತೆ ತೆಗೆದರೂ ನೂರು ವರ್ಷ ದಾಟುತ್ತದೆ. ತೊಂದರೆ ಇರುವುದು ಬೆಲೆಯಲ್ಲಿ. ಸರ್ಕಾರದ ಆದಾಯದಲ್ಲಿ ಬಹುಪಾಲು ಎಣ್ಣೆಯದು. ಖರ್ಚಿನಲ್ಲಿ ಹತ್ತಿರ ಹತ್ತಿರ ಶೇಕಡಾ 80 ಸಂಬಳ ಮತ್ತು ಸಬ್ಸಿಡಿ. 2025-26ರ ಬಜೆಟ್ಟಿನಲ್ಲಿ ಖರ್ಚು 2,450 ಕೋಟಿ ದಿನಾರ್, ಕೊರತೆ 630 ಕೋಟಿ. ಬ್ಯಾರೆಲ್ಲಿಗೆ 90 ಡಾಲರ್ ಸಿಕ್ಕರೆ ಲೆಕ್ಕ ಸರಿ, ಅವರು ಅಂದಾಜು ಹಾಕಿದ್ದೇ 68. ಪಾಲು ಕೊಟ್ಟು ಅಭ್ಯಾಸ ಆದ ಮೇಲೆ ಕಡಿಮೆ ಮಾಡಲು ಯಾರಿಗೂ ಧೈರ್ಯ ಇಲ್ಲ. 2024ರ ಬೇಸಗೆಯಲ್ಲಿ ಅಲ್ಲೂ ಸರದಿ ಪ್ರಕಾರ ಕರೆಂಟ್ ತೆಗೆದರು. 50 ಡಿಗ್ರಿ ಬಿಸಿಲಿನಲ್ಲಿ ಲೋಡ್ ಶೆಡ್ಡಿಂಗ್! 2 ಫಿಲ್ಸ್ ಕರೆಂಟಿನಲ್ಲಿ ಎಸಿ ಆರಿಸದೆ ವಿದೇಶಕ್ಕೆ ಹೋಗುವ ಜನರಿದ್ದರೆ ಇನ್ನೇನಾಗುತ್ತದೆ?

ಹಾಗಂತ ಮುಳುಗುವ ಹಡಗಲ್ಲ. ಸ್ವಾತಂತ್ರ್ಯ ಬರುವ ಎಂಟು ವರ್ಷ ಮೊದಲೇ, 1953ರಲ್ಲಿ, ಎಣ್ಣೆಯ ದುಡ್ಡನ್ನು ಲಂಡನ್ನಿನಲ್ಲಿ ಹೂಡಲು ಅವರು ಒಂದು ಮಂಡಳಿ ಮಾಡಿದರು. 1976ರಲ್ಲಿ ಮುಂದಿನ ತಲೆಮಾರುಗಳ ನಿಧಿ ಶುರುವಾಯಿತು, 2020ರವರೆಗೆ ವರ್ಷದ ಆದಾಯದಲ್ಲಿ ಹತ್ತನೇ ಒಂದು ಪಾಲು ಅದಕ್ಕೆ ಹೋಗುತ್ತಿತ್ತು. 1990ರ ಆಗಸ್ಟ್ 2ರಂದು ಇರಾಕ್ ನುಗ್ಗಿ ಇಡೀ ದೇಶವನ್ನು ನುಂಗಿದಾಗ ಹೊರಗಿದ್ದ ಸರ್ಕಾರವನ್ನೂ ಜನರನ್ನೂ ಸಾಕಿದ್ದು ಈ ಹೂಡಿಕೆಯ ದುಡ್ಡೇ. ಸೋತು ಹೋಗುವಾಗ ಇರಾಕಿನವರು 600ಕ್ಕೂ ಹೆಚ್ಚು ಎಣ್ಣೆ ಬಾವಿಗಳಿಗೆ ಬೆಂಕಿ ಇಟ್ಟರು, ಎಲ್ಲ ಆರಿದ್ದು 1991ರ ನವೆಂಬರಿನಲ್ಲಿ. ಅದನ್ನೂ ದಾಟಿ ಎದ್ದರು. ಈಗ ಹೂಡಿಕೆ ಸುಮಾರು ಒಂದು ಲಕ್ಷ ಕೋಟಿ ಡಾಲರ್, ನಾಗರಿಕರ ತಲೆಗೆ ಲೆಕ್ಕ ಹಾಕಿದರೆ 6 ಲಕ್ಷ ಡಾಲರಿಗೂ ಜಾಸ್ತಿ. ಆದರೂ 2025ರಲ್ಲಿ ಸಾಲ ಎತ್ತಲು ಹೊಸ ಕಾನೂನು ಮಾಡಿದರು. ಕಪಾಟಿನ ತುಂಬ ಬಂಗಾರ ಇಟ್ಟುಕೊಂಡು ಅಂಗಡಿಯಲ್ಲಿ ಕಡ ಹೇಳುವ ಮನೆ ನೋಡಿಲ್ಲವಾ, ಹಾಗೆ. ಆ ನಿಧಿಗೆ ಕೈ ಹಾಕಬಾರದು ಅಂತ ಕಾನೂನೇ ಇದೆ.

ಯುದ್ಧದಿಂದ ನಮಗಾದ ಒಂದು ಬದಲಾವಣೆ ಹೇಳಿಬಿಡುತ್ತೇನೆ. 1990ಕ್ಕೆ ಮೊದಲು ಅಲ್ಲಿ ಸುಮಾರು 4 ಲಕ್ಷ ಪ್ಯಾಲೆಸ್ತೀನಿಯರಿದ್ದರು, ಮೇಷ್ಟ್ರು, ಎಂಜಿನಿಯರ್, ಗುಮಾಸ್ತರು. ಅವರ ನಾಯಕರು ಇರಾಕಿನ ಕಡೆ ವಾಲಿದರು ಅನ್ನುವ ಸಿಟ್ಟಿಗೆ ಬಹುತೇಕರು ಹೊರಬಿದ್ದರು. ಭಾರತೀಯರು 1.7 ಲಕ್ಷ ಜನ ಅಮ್ಮಾನ್ ಮೂಲಕ ವಿಮಾನದಲ್ಲಿ ಊರಿಗೆ ಬಂದಿದ್ದರು. ಯುದ್ಧ ಮುಗಿದ ಮೇಲೆ ಪ್ಯಾಲೆಸ್ತೀನಿಯರ ಖಾಲಿ ಕುರ್ಚಿಗಳಿಗೆ ನಮ್ಮವರೂ ಬಂದು ಕೂತರು. ನಾನೂ ಅಂಥ ಒಂದು ಕುರ್ಚಿಗೆ ಹೋದವನೇ. ಮೇಜಿನ ಡ್ರಾಯರಿನಲ್ಲಿ ಹಿಂದಿನವನ ಮಕ್ಕಳ ಫೋಟೋ ಇತ್ತು.

ಈಗ ತಮ್ಮನ ಮಾತು. ಹೋಗಬೇಡ ಅಂತ ನಾನು ಹೇಳುವುದಿಲ್ಲ, ನನ್ನ ಮನೆ ಕಟ್ಟಿದ್ದೂ ಅದೇ ದಿನಾರಿನಲ್ಲಿ. ಆದರೆ ಎಣ್ಣೆಯ ಶ್ರೀಮಂತಿಕೆ ನೋಡಿ ಹೋಗಬೇಡಿ, ಅದರಲ್ಲಿ ಅವನಿಗೆ ಪಾಲಿಲ್ಲ. ಅವನ ಕೂಲಿ ಏರಬೇಕಾದರೆ ಬೇರೆಯವರು ಸುಲಭಕ್ಕೆ ಮಾಡಲಾಗದ ಕೆಲಸ ಕೈಯಲ್ಲಿರಬೇಕು. ಪ್ಯಾನಲ್ ಬೋರ್ಡ್, ದೊಡ್ಡ ಎಸಿಗಳ ಕಂಟ್ರೋಲ್, ಇಂಥದ್ದರಲ್ಲಿ ಎರಡು ವರ್ಷ ಇಲ್ಲೇ ಪಳಗಿದರೆ ಅದೇ ಕುವೈತಿನಲ್ಲಿ ಇದರ ಎರಡರಷ್ಟು ಕೇಳಬಹುದು. ಈಗಲೇ ಹೋಗುವುದಾದರೆ ಏಜೆಂಟನ ನೋಂದಣಿಯನ್ನು ನಮ್ಮ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಹುಡುಕಿ. ಒಪ್ಪಂದದ ಒಂದು ಪ್ರತಿ ಮನೆಯಲ್ಲಿಡಿ. ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವ ಅಧಿಕಾರ ಮಾಲೀಕನಿಗಿಲ್ಲ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 15 ದಿನದ ಸಂಬಳ, ಆಮೇಲೆ ವರ್ಷಕ್ಕೊಂದು ತಿಂಗಳದ್ದು. ಮೂರು ವರ್ಷದೊಳಗೆ ತಾನಾಗಿ ಬಿಟ್ಟರೆ ಏನೂ ಸಿಗುವುದಿಲ್ಲ. ಎರಡು ಲಕ್ಷ ಸಾಲ ಮಾಡಿ 120 ದಿನಾರಿಗೆ ಹೋದರೆ, ಊಟ, ಫೋನು ಕಳೆದು ಮನೆಗೆ ಕಳಿಸುವುದರಲ್ಲಿ ಹತ್ತು ಹನ್ನೊಂದು ತಿಂಗಳು ಬರೀ ಆ ಸಾಲಕ್ಕೇ ಹೋಗುತ್ತದೆ, ಬಡ್ಡಿ ಬೇರೆ.

ವೀಸಾದ ಪ್ರತಿ ಕೈಗೆ ಬಂದರೆ ಅದರಲ್ಲಿ ಕಲಮು 18 ಅಂತಿದೆಯೋ 20 ಅಂತಿದೆಯೋ ನೋಡಿ. ಅರಬ್ಬಿಯಲ್ಲಿ 18 ಬರೆದರೆ ನೆಟ್ಟಗಿನ ಒಂದು ಗೀಟು, ಅದರ ಬಲಕ್ಕೆ ತಲೆಕೆಳಗಾದ ವಿ. ಓದಲು ಬರದಿದ್ದರೆ ಫೋಟೋ ತೆಗೆದು ಕಳಿಸಿ, ನಾನು ಹೇಳುತ್ತೇನೆ.